ಡಬ್ಬಿಯ ಹಿಂದೆ ಇರೋದನ್ನ ಮುಂದೆ ಬರೆಯಲಿ

ಮಾನ್ಯರೇ,

ಮಳೆಗಾಲ ಶುರುವಾದರೆ ಸಾಕು, ಮೆಡಿಕಲ್ ಶಾಪ್‌ಗಳಲ್ಲಿ ‘ಇಮ್ಯೂನಿಟಿ ಬೂಸ್ಟರ್’ ಡಬ್ಬಿಗಳು ಸಾಲಾಗಿ ಬಂದು ಕೂರುತ್ತವೆ. ಮಗುವಿಗೆ ಪದೇ ಪದೇ ನೆಗಡಿ ಅಂದರೂ ಅದೇ, ತುಟಿ ಮೇಲೆ ಹರ್ಪಿಸ್ ಗುಳ್ಳೆ ಮತ್ತೆ ಮತ್ತೆ ಏಳುತ್ತೆ ಅಂದರೂ ಅದೇ. ಆ ಡಬ್ಬಿಯನ್ನು ಒಮ್ಮೆ ತಿರುಗಿಸಿ ನೋಡಿ. ‘ನಾಟ್ ಫಾರ್ ಮೆಡಿಸಿನಲ್ ಯೂಸ್’ ಅಂತ ಇಂಗ್ಲಿಷಿನಲ್ಲಿ ಇರುತ್ತದೆ. ಆಹಾರ ಸುರಕ್ಷತೆ ನೋಡಿಕೊಳ್ಳುವ ಕೇಂದ್ರದ ಸಂಸ್ಥೆ ಎಫ್‌ಎಸ್‌ಎಸ್‌ಎಐ ನಿಯಮದಂತೆ ಹಾಗೆ ಬರೆಯಲೇಬೇಕು. ಇದು ಔಷಧಿ ಅಲ್ಲ ಅಂತ ಕಂಪನಿಯೇ ಬರೆದುಕೊಟ್ಟಿದ್ದನ್ನು ನಾವು ಔಷಧಿ ಅಂತಲೇ ಕೊಳ್ಳುತ್ತಿದ್ದೇವೆ.

ಹಾಗಾದರೆ ಏನೂ ಪ್ರಯೋಜನ ಇಲ್ವಾ? ಸ್ವಲ್ಪ ಇದೆ, ಸ್ವಲ್ಪವೇ. ವಿಟಮಿನ್ ಸಿ ಬಗ್ಗೆ 11 ಸಾವಿರಕ್ಕೂ ಹೆಚ್ಚು ಜನರ ಮೇಲಾದ ಪ್ರಯೋಗಗಳನ್ನು, ಚಿಕಿತ್ಸೆಗಳ ಪುರಾವೆ ಪರಿಶೀಲಿಸುವ ಕಾಕ್ರೇನ್ ಸಂಸ್ಥೆ 2013ರಲ್ಲಿ ಒಟ್ಟಿಗೆ ನೋಡಿತು. ದಿನಾ ತಗೊಂಡರೂ ಸಾಮಾನ್ಯ ಜನರಿಗೆ ನೆಗಡಿ ಬರೋದು ತಪ್ಪಲಿಲ್ಲ. ಬಂದ ನೆಗಡಿ ದೊಡ್ಡವರಲ್ಲಿ ಶೇ 8, ಮಕ್ಕಳಲ್ಲಿ ಶೇ 14ರಷ್ಟು ಬೇಗ ಹೋಯಿತು. ಮ್ಯಾರಥಾನ್ ಓಡುವವರಿಗೆ, ಚಳಿಯಲ್ಲಿ ತರಬೇತಿ ಪಡೆಯುವ ಸೈನಿಕರಿಗೆ ಮಾತ್ರ ನೆಗಡಿ ಅರ್ಧಕ್ಕರ್ಧ ಇಳಿಯಿತು. ನಾವ್ಯಾರೂ ಮ್ಯಾರಥಾನ್ ಓಡ್ತಿಲ್ಲ, ಅಲ್ವಾ? ಜಿಂಕ್ ಕಥೆಯೂ ಹೆಚ್ಚುಕಡಿಮೆ ಹೀಗೇ: ತಡೆಯುವುದಿಲ್ಲ, ಬಂದ ನೆಗಡಿ ಒಂದೆರಡು ದಿನ ಬೇಗ ಹೋಗಬಹುದೇನೋ. ಆದರೆ ತಿಂಗಳುಗಟ್ಟಲೆ ಜಾಸ್ತಿ ಜಿಂಕ್ ನುಂಗಿದರೆ ಮೈಯಲ್ಲಿ ತಾಮ್ರದ ಅಂಶ ಕಡಿಮೆಯಾಗುತ್ತದೆ. ತುಟಿ ಗುಳ್ಳೆಗೆ ಅಂತ ಮಾರುವ ಲೈಸಿನ್‌ಗಂತೂ ಗಟ್ಟಿ ಪುರಾವೆಯೇ ಸಿಕ್ಕಿಲ್ಲ. ಅದು ಮರುಕಳಿಸದಂತೆ ತಡೆಯಲು ಅಸೈಕ್ಲೋವಿರ್ ಥರದ ನಿಜವಾದ ಔಷಧಿ ಇದೆ, ಡಾಕ್ಟರ್ ಬರೆದುಕೊಡಬೇಕು.

ನೆಗಡಿ ವಾರದಲ್ಲಿ ತಾನಾಗೇ ಹೋಗುತ್ತದೆ, ಪುಟ್ಟ ಮಕ್ಕಳಿಗೆ ವರ್ಷಕ್ಕೆ ಆರೆಂಟು ಸಲ ಬರೋದು ಮಾಮೂಲು, ಆದರೆ ಆ ವಾರ ಏನು ಕುಡಿಸಿದ್ದೆವೋ ಅದಕ್ಕೇ ಪೂರ್ತಿ ಹೆಸರು ಬರುತ್ತದೆ.

‘ತಗೊಂಡರೆ ನಷ್ಟ ಏನು’ ಅನ್ನುವವರಿಗೆ ಒಂದು ಮಾತು. ಕೊರೊನಾ ಕಾಲದಲ್ಲಿ, 2020ರಲ್ಲಿ, ಇಮ್ಯೂನಿಟಿಗೆಂದು ಅಮೃತಬಳ್ಳಿ ಸೇವಿಸಿದ್ದ ಕೆಲವರ ಲಿವರ್‌ಗೆ ಪೆಟ್ಟು ಬಿದ್ದಿದ್ದನ್ನು ಮುಂಬೈ ವೈದ್ಯರು ಮರುವರ್ಷ ವರದಿ ಮಾಡಿದರು. ಆಯುಷ್ ಸಚಿವಾಲಯ ಅದನ್ನು ಒಪ್ಪಲಿಲ್ಲ, ಆದರೆ ಆಮೇಲೆ ಬೇರೆ ಊರುಗಳಿಂದಲೂ ಅಂಥ ವರದಿ ಬಂದವು. ರೋಗನಿರೋಧಕ ಶಕ್ತಿಯನ್ನು ಸುಮ್ನೆ ಕೆಣಕಿದರೆ ಅದು ನಮ್ಮ ಮೈಮೇಲೇ ತಿರುಗಿಬೀಳುವುದೂ ಉಂಟು.

ಸರ್ಕಾರ ಡಬ್ಬಿಯ ಮುಂಭಾಗದಲ್ಲಿ ‘ಇದು ಔಷಧಿಯಲ್ಲ’ ಅಂತ ಕನ್ನಡದಲ್ಲಿ ದಪ್ಪಕ್ಷರದಲ್ಲಿ ಹಾಕಿಸಲಿ. ನಿಜವಾಗಿಯೂ ಪದೇ ಪದೇ ಸೋಂಕು ಆಗುತ್ತಿದ್ದರೆ ಅದಕ್ಕೆ ಸಕ್ಕರೆ ಕಾಯಿಲೆಯೂ ಕಾರಣ ಇರಬಹುದು, ಮೊದಲು ಶುಗರ್ ಟೆಸ್ಟ್ ಮಾಡಿಸಿ, ಅದಕ್ಕೆ ಒಂದು ಡಬ್ಬಿಯ ಬೆಲೆಯೂ ಆಗೋದಿಲ್ಲ.

— ಒಬ್ಬ ಓದುಗ, ತುಮಕೂರು