ಈ ಖರ್ಚನ್ನ ಯಾವ ಹೆಡ್ಡಿಗೆ ಹಾಕೋಣ್ರಿ?

ಸಂಪಾದಕರಿಗೆ ನಮಸ್ಕಾರ್ರಿ,

ಹೋದ ವಾರ ನಿಮ್ಮ ಪೇಪರಿನ್ಯಾಗ ಮಕ್ಕಳ ಎಡಿಎಚ್‌ಡಿ (ಲಕ್ಷ್ಯ ಒಂದ ಕಡೆ ನಿಲ್ಲದ, ಸುಮ್ಮ ಕುಂದ್ರಾಕ ಆಗದ ತೊಂದರಿ) ಬಗ್ಗೆ ಅರ್ಧ ಪುಟ ಬಂದಿತ್ತು, ಛಲೋ ಬರದಿದ್ರಿ, ಆದ್ರ ಓದಿ ಮುಗಿಸಿದ ಮ್ಯಾಲೆ ಒಂದು ಮಾತು ತಲಿಯಾಗ ಕುಂತಬಿಟ್ತು, ಈ ಮಕ್ಕಳು ದೊಡ್ಡವರಾದ ಮ್ಯಾಲೆ ಎಲ್ಲಿ ಹೋಗ್ತಾರ ಅಂತ. ಎಲ್ಲೂ ಹೋಗಂಗಿಲ್ರಿ, ಹುಬ್ಬಳ್ಳಿ ಗೋಕುಲ ರೋಡಿನ ಫ್ಯಾಕ್ಟರಿಗಳಾಗ ನೌಕರಿ ಮಾಡ್ತಾರ. ನಾನೂ ಅವರಾಗ ಒಬ್ಬಾಂವ. ಇಂಥಾವ್ರಿಗೆ ನೌಕರಿಯೊಳಗ ಉಳಿಯಾಕ ಕೋಚಿಂಗ್ ಬೇಕಾಗ್ತದ, ಆ ಖರ್ಚು ಯಾರು ಕೊಡಬೇಕು, ಯಾವ ಹೆಡ್ಡಿಗೆ, ಅಂದ್ರ ಲೆಕ್ಕದ ಯಾವ ಖಾತೆಗೆ ಹಾಕಬೇಕು ಅನ್ನೋದ ಈ ಪತ್ರದ ಮಾತು.

ನಂಗ ಈಗ 38, ವಾಲ್ವ್ ಮಾಡೋ ಒಂದು ಫ್ಯಾಕ್ಟರಿಯಾಗ ಅಕೌಂಟ್ಸ್ ನೋಡ್ಕೋತೀನಿ. ಅಕೌಂಟ್ಸ್ ಮಂದಿಗೆ ಗೊತ್ತದ, 7ಕ್ಕ ಟಿಡಿಎಸ್, 11ಕ್ಕ ಜಿಎಸ್‌ಟಿಆರ್-1, 15ಕ್ಕ ಪಿಎಫ್, 20ಕ್ಕ ಜಿಎಸ್‌ಟಿದ 3ಬಿ ರಿಟರ್ನ್, ಹಿಂಗ ತಿಂಗಳು ಪೂರಾ ಟ್ಯಾಕ್ಸು, ಪಿಎಫ್ ತುಂಬೋ ತಾರೀಖಿನ ಬೆನ್ನ ಹತ್ತೇ ಓಡ್ಬೇಕು. ನಂಗ ಲೆಕ್ಕ ಬರಂಗಿಲ್ಲ ಅಂತಿಲ್ಲ, ಲೆಕ್ಕದಾಗ ನಾ ಪಕ್ಕಾ, ಯಾರಿಗೂ ಸಿಗದ 40 ಪೈಸಾ ಫರಕು ರಾತ್ರಿ ಒಂದರ ತನಕ ಕುಂತು ಹುಡುಕ್ತೀನಿ, ಊಟದ ನೆನಪೂ ಇರಂಗಿಲ್ಲ. ಆದ್ರ 20 ತಾರೀಖು ನಾಳೆನ ಅದ ಅನ್ನೋದು 19ರ ಸಂಜಿಗೂ ನನ್ನ ತಲಿಗೆ ಹತ್ತಂಗಿಲ್ಲ. ರಿಟರ್ನ್ ತಡ ಆತಂದ್ರ ದಿವ್ಸಕ್ಕ 50 ರೂಪಾಯಿ ಲೇಟ್ ಫೀ, ಟ್ಯಾಕ್ಸ್ ಬಾಕಿ ಇದ್ರ ವರ್ಷಕ್ಕ 18 ಪರ್ಸೆಂಟ್ ಲೆಕ್ಕದಾಗ ಬಡ್ಡಿ, ಮಾಲಕರ ಮುಂದ ನಿಂತು ಬೈಸ್ಕೊಳ್ಳೋದು ಬ್ಯಾರೆ.

ಸಣ್ಣಾಂವಿದ್ದಾಗಿಂದ ಕೇಳಿದ ಮಾತು ಅವ, ಮರಗುಳಿ, ಉಡಾಳ, ಕೈಯಾಗ ಹಿಡದದ್ದು ಪೂರಾ ಮಾಡಂಗಿಲ್ಲ. ಮಗನ ಸಾಲಿ ಮೇಡಮ್ಮರು ಹೇಳಿದ್ರಂತ ಅವನ್ನ ಧಾರವಾಡದ ಡಿಮ್ಹಾನ್ಸಿಗೆ, ಅಂದ್ರ ಸರ್ಕಾರಿ ಮಾನಸಿಕ ಆರೋಗ್ಯ ದವಾಖಾನಿಗೆ ಕರ್ಕೊಂಡ ಹೋಗಿದ್ದೆ, ಅಲ್ಲಿ ಡಾಕ್ಟರು ಮಗನ್ನ ಕೇಳೋ ಪ್ರಶ್ನೆಕ್ಕೆಲ್ಲಾ ನಾನ ಒಳಗೊಳಗ ಹೌದು ಹೌದು ಅಂತ ಉತ್ತರ ಕೊಡ್ಕೋತ ಕುಂತಿದ್ದೆ, ಕಡೀಕೆ ಅವರ ನನ್ನ ಕಡೆ ತಿರುಗಿ ಸಣ್ಣಾಂವಿದ್ದಾಗ ನೀವು ಹೆಂಗಿದ್ರಿ ಅಂದ್ರು. ದೊಡ್ಡವರಿಗೆ ಇದು ಅದನೋ ಇಲ್ಲೋ ಅಂತ ಹೇಳ್ಬೇಕಂದ್ರ 12 ವರ್ಷದ ಒಳಗ ಲಕ್ಷಣ ಕಂಡಿರಬೇಕಂತ, ಅದಕ್ಕ ಹಳೇ ಪ್ರಗತಿ ಪತ್ರ ಇದ್ರ ತರ್ರಿ ಅಂದ್ರು. ಅವ್ವನ ಟ್ರಂಕಿನ್ಯಾಗ ನಾಲ್ಕನೇತ್ತದ್ದು ಸಿಕ್ತು, ಕೆಂಪ ಶಾಯಿಲೆ ಮಾಸ್ತರ ಬರದಿದ್ರು, 'ಹುಡುಗ ಶಾಣ್ಯಾ ಇದ್ದಾನ, ಲಕ್ಷ್ಯ ಇಲ್ಲ'. ನಂಗೂ ಎಡಿಎಚ್‌ಡಿ ಅಂತ ಡಾಕ್ಟರು ಬರದ ಚೀಟಿ ತಗೊಂಡ ಮನಿಗೆ ಬಂದ್ರ ನಮ್ಮಾಕಿ, ಏನ್ರಿ ಅಪ್ಪ ಮಗ ಇಬ್ರೂ ಒಂದ ರೇಶನ್ ಕಾರ್ಡ್ ಮಾಡಿಸ್ಕೊಂಡ ಬಂದ್ರಿ ಅಂತ ನಕ್ಕಳು. ಆಮ್ಯಾಲೆ ಸ್ವಲ್ಪ ಹೊತ್ತಿಗೆ ಕಣ್ಣೀರೂ ಹಾಕಿದ್ಳು, ಹದಿಮೂರು ವರ್ಷ ನೀವು ಬೇಕಂತ ಮಾಡ್ತೀರಿ ಅಂದ್ಕೊಂಡಿದ್ದೆ ಅಂತ.

ಆ ದವಾಖಾನಿ ಹೆಸರು ತಗೊಳ್ಳಾಕ ನಮ್ಮ ಕಡೆ ಮಂದಿ ಅಂಜ್ತಾರ. 1845ರಾಗ ಶುರು ಆದ ಜಾಗಾ, ಯಾರರೆ ಸ್ವಲ್ಪ ಅಡ್ಡಾದಿಡ್ಡಿ ಮಾತಾಡಿದ್ರ ಇವನ್ನ ಧಾರವಾಡಕ್ಕ ಕಳಸ್ರಿ ಅನ್ನೋ ಚಾಷ್ಟಿ ನಮ್ಮಜ್ಜನ ಕಾಲದಿಂದ ನಡದಬಂದದ, ನಾನೂ ಮಾಡೀನಿ. ಅಲ್ಲಿ ಹೋಗಿ ಬಂದ ಮ್ಯಾಲೆ ಬಿಟ್ಟೀನಿ.

ಗುಳಿಗಿ ಶುರು ಆದ್ವು, ಫರಕೂ ಆತು, ಆದ್ರ ಗುಳಿಗಿ ಅಂದ್ರ ಎತ್ತಿಗೆ ಹಿಂಡಿ ಹಾಕಿದಂಗ, ಎತ್ತಿಗೆ ಕಸುವು ಬರ್ತದ ಖರೆ, ಕುಂಟಿ ಸಾಲು ಹಿಡದು ಹೊಡಿಯೋದು ಬ್ಯಾರೆ ಕಲೀಬೇಕಾಗ್ತದ. ಅದನ್ನ ಕಲಸೋದಕ್ಕ ಎಡಿಎಚ್‌ಡಿ ಕೋಚಿಂಗ್ ಅಂತಾರ. ನಮ್ಮ ಧಾರವಾಡದಾಗ ಕೋಚಿಂಗ್ ಅಂದಕೂಡ್ಲೇ ಎಲ್ಲಾರೂ ಸಪ್ತಾಪುರದ ಕಡೆ ಕೈ ಮಾಡ್ತಾರ, ಪಿಎಸ್‌ಐ ಏನು ಕೆಎಎಸ್ ಏನು ಅಂತ ಕೇಳ್ತಾರ, ನಮ್ಮ ಮಾವನೂ ಕೇಳಿದ್ರು, ಈ ವಯಸ್ಸಿನ್ಯಾಗ ಯಾವ ಪರೀಕ್ಷಾ ಅಂತ. ಪರೀಕ್ಷಾ ಅಲ್ರಿ ಮಾವಾರ, ದಿನಾ ಆಫೀಸಿಗೆ ಹೋಗಿಬರೋದು ಅಂದೆ.

ನನ್ನ ಕೋಚ್ ಬೆಂಗಳೂರಾಗ ಇರ್ತಾರ, ಫೋನಿನ್ಯಾಗ ಮಾತಾಡ್ತೀವಿ, ಸೋಮವಾರ ಮುಂಜಾನೆ 8:30ಕ್ಕ. ಅವರು ಬುದ್ಧಿ ಹೇಳಂಗಿಲ್ಲ, ಬುದ್ಧಿ ಹೇಳಾವ್ರು ನಂಗ ಮೊದಲ ಭಾಳ ಇದ್ರು. ಬ್ಯಾಂಕ್ ರಿಕನ್ಸಿಲಿಯೇಶನ್ (ಬ್ಯಾಂಕಿನ ಲೆಕ್ಕಕ್ಕೂ ನಮ್ಮ ಪುಸ್ತಕದ ಲೆಕ್ಕಕ್ಕೂ ತಾಳೆ ನೋಡೋದು) ಮಾಡೋದು ಅಂತ ನಾ ಒಂದ ಸಾಲು ಬರದಿದ್ರ ಅದನ್ನ ಹದಿನಾಲ್ಕು ತುಂಡು ಮಾಡಸ್ತಾರ, ಮೊದಲನೇ ತುಂಡು ಏನಂದ್ರ 'ಸ್ಟೇಟ್‌ಮೆಂಟ್ ಡೌನ್‌ಲೋಡ್ ಮಾಡಿ ಡೆಸ್ಕ್‌ಟಾಪ್ ಮ್ಯಾಲೆ ಇಡೋದು', ಅಷ್ಟ. ಎಷ್ಟೊತ್ತು ಆಗಬಹುದು ಅಂತ ಮೊದಲ ಬರೀಬೇಕು, ಖರೇನ ಎಷ್ಟೊತ್ತು ಆತು ಅಂತ ಆಮ್ಯಾಲೆ ಬಾಜೂಕ ಬರೀಬೇಕು. ಮೊದಲನೇ ವಾರ ನಾ 20 ನಿಮಿಷ ಅಂತ ಬರದ ಕೆಲಸಕ್ಕ 1 ತಾಸು 50 ನಿಮಿಷ ಹಿಡದಿತ್ತು, ಹದಿನೈದು ವರ್ಷದಿಂದ ನಾ ಮಾಲಕರಿಗೆ ಈಗ ಕೊಟ್ಟೆ ಸಾಹೇಬ್ರ ಅಂತ ಹೇಳ್ಕೋತ ಬಂದಿದ್ದು ಸುಳ್ಳಲ್ಲ, ನಂಗ ಖರೇನ ಹಂಗ ಅನಸ್ತಿತ್ತು. ಇನ್ನೊಂದು, ಮನಸ್ಸು ಬಾರದ ಕೆಲಸ ಇದ್ದ ದಿವ್ಸ ಇಬ್ರೂ ವಿಡಿಯೊ ಚಾಲೂ ಇಟ್ಟು ಮಾತಿಲ್ಲದ ತಮ್ತಮ್ಮ ಕೆಲಸ ಮಾಡೋದು, ನಮ್ಮವ್ವ ಶಾವಿಗಿ ಹೊಸಿಯಾಕ ಬಾಜೂ ಮನಿ ಅಕ್ಕಾರನ್ನ ಕರ್ಕೊಂಡ ಕುಂದರ್ತಿದ್ಳಲ್ಲ, ಥೇಟ್ ಹಂಗ. ನಡುವ ಒಮ್ಮೆ ಬಿಟ್ಟು ಮತ್ತ ಶುರು ಮಾಡಿ ಐದು ತಿಂಗಳಾತು ನೋಡ್ರಿ, ನಮ್ಮ ಕಂಪನಿ ಒಂದ ರೂಪಾಯಿ ಲೇಟ್ ಫೀ ಕಟ್ಟಿಲ್ಲ.

ಈಗ ರೊಕ್ಕದ ಮಾತಿಗೆ ಬರ್ತೀನಿ, ಈ ಪತ್ರ ಬರದದ್ದ ಅದಕ್ಕ. ಒಂದು ಸೆಷನ್‌ಗೆ 1,200, ತಿಂಗಳಿಗೆ ನಾಲ್ಕು ಅಂದ್ರ 4,800. ನನ್ನ ಪಗಾರ 32,000, ಅದರಾಗ ಮನಿ ಸಾಲದ ಕಂತು, ಮಗನ ಥೆರಪಿ, ಗುಳಿಗಿ. ಮೂರು ತಿಂಗಳು ಹೆಂಗೋ ಕೊಟ್ಟೆ, ಆಮ್ಯಾಲೆ ಬಿಟ್ಟೆ, ಬಿಟ್ಟ ಮುಂದಿನ ತಿಂಗಳ ಮತ್ತ ಲೇಟ್ ಫೀ ಬಂತು. ಅವಾಗ ಈ ಖರ್ಚು ಯಾರರೆ ಕೊಡ್ತಾರೇನು ಅಂತ ಹುಡುಕಾಕ ಹತ್ತಿದೆ, ಅಕೌಂಟೆಂಟ್ ಬುದ್ಧಿ ನೋಡ್ರಿ, ಯಾವುದರೆ ಒಂದು ಹೆಡ್ ಇದ್ದ ಇರ್ತದ ಅಂದ್ಕೊಂಡಿದ್ದೆ.

ಮೊದಲ ಇನ್ಶೂರೆನ್ಸ್. 2017ರ ಮಾನಸಿಕ ಆರೋಗ್ಯ ಕಾಯ್ದೆ ಪ್ರಕಾರ ಮನಸ್ಸಿನ ಜಡ್ಡಿಗೂ ದೇಹದ ಜಡ್ಡಿನಂಗ ವಿಮಾ ಕೊಡಬೇಕು, ಅದನ್ನ ಪ್ರಿಂಟ್ ಹಾಕ್ಕೊಂಡ ಮೇಲ್ ಮಾಡಿದೆ. ಕೋಚ್ ಅಂದ್ರ ಡಾಕ್ಟರ್ ಅಲ್ಲ, ಇದು ಟ್ರೀಟ್‌ಮೆಂಟ್ ಅಲ್ಲ ಅಂತ ಎರಡು ಸಾಲಿನ ಉತ್ತರ ಬಂತು. ಸಿಟ್ಟು ಬಂತು, ಆದ್ರ ಅವರ ಮಾತಿನ್ಯಾಗ ತಪ್ಪಿಲ್ಲ, ಕೋಚಿಂಗ್ ಖರೇನ ಟ್ರೀಟ್‌ಮೆಂಟ್ ಅಲ್ಲ. ಇಎಸ್‌ಐ ಅಂದ್ರ 21,000 ಪಗಾರದ ಒಳಗಿನವರಿಗೆ, ಅದರಾಗ ನಾ ಬರಂಗಿಲ್ಲ. ಅಂಗವಿಕಲರ ಕಡೆ ಏನರೆ ಅದನೋ ನೋಡೋಣ ಅಂದ್ರ 2016ರ ಕಾಯ್ದೆಯಾಗ 21 ನಮೂನಿ ವೈಕಲ್ಯದ ಹೆಸರು ಅವ, ಆಟಿಸಂ ಅದ, ಓದು-ಬರಹದ ಕಲಿಕಾ ತೊಂದರಿ ಅದ, ಎಡಿಎಚ್‌ಡಿ ಅನ್ನೋ ಹೆಸರು ಇಲ್ಲ. ಮ್ಯಾಲೆ ಸೌಲಭ್ಯ ಬೇಕಂದ್ರ 40 ಪರ್ಸೆಂಟ್ ಅಂತ ಸರ್ಟಿಫಿಕೇಟ್ ಬೇಕು, ಮರಗುಳಿತನಕ್ಕ ಪರ್ಸೆಂಟ್ ಹೆಂಗ ಹಾಕ್ತಾರ್ರಿ. ಅದ ಕಾಯ್ದೆ ಎಲ್ಲಾ ಸಂಸ್ಥೆಗಳೂ ಸಮಾನ ಅವಕಾಶದ ಪಾಲಿಸಿ ಬರದಿಡಬೇಕು ಅಂತನೂ ಹೇಳ್ತದ, ನಮ್ಮಲ್ಲಿ ಆ ಫೈಲ್ ಕೇಳಿದ್ರ ಎಚ್ಆರ್‌ನವರು ನನ್ನ ಮುಖಾನ ನೋಡಿದ್ರು.

ಹಂಗಾರ ಟ್ರೇನಿಂಗ್ ಅಂತ ಹಾಕ್ರಿ ಅಂದೆ. ಟ್ರೇನಿಂಗ್ ಅಂದ್ರ ಎಲ್ಲಾರಿಗೂ ಕೂಡೇ ಕೊಡೋದು, ಒಬ್ಬರಿಗೆ ಬರಂಗಿಲ್ಲ ಅಂದ್ರು. ಹೋದ ವರ್ಷ ಒಂದ ದಿವ್ಸದ ಮೋಟಿವೇಶನ್ ಭಾಷಣಕ್ಕ 18,000 ಕೊಟ್ಟ ವೋಚರ್ ನಾನ ಪಾಸ್ ಮಾಡೀನಿ, ಆವಾಗ ಎಲ್ಲಾರೂ ಎದ್ದು ನಿಂತು ಚಪ್ಪಾಳಿ ಹೊಡದ್ವಿ, ಮಧ್ಯಾಹ್ನ ಊಟಕ್ಕ ಹೋಳಿಗಿ ಇತ್ತು. ಅದ ರೊಕ್ಕದಾಗ ನಂಗ 15 ಸೆಷನ್ ಬರ್ತಿದ್ವು.

ದೊಡ್ಡ ಕಂಪನಿಗಳ ಸಿಎಸ್‌ಆರ್ ರೊಕ್ಕ ಅದಲ್ಲ ಅಂತ ಗೆಳೆಯರು ಹೇಳ್ತಾರ, ಲಾಭದಾಗ 2 ಪರ್ಸೆಂಟ್ ಸಮಾಜಕ್ಕ ಅಂತ ಎತ್ತಿಡೋದು. ಆದ್ರ ಬರೇ ತಮ್ಮ ನೌಕರರಿಗೆ ಉಪಯೋಗ ಆಗೋ ಖರ್ಚು ಅದರಾಗ ಲೆಕ್ಕಕ್ಕ ಬರಂಗಿಲ್ಲ. ಊರಿಗೆಲ್ಲಾ ಸಿಗೋವಂಥ ಒಂದು ಸೆಂಟರ್ ಮಾಡಾಕ ಕೊಡಬಹುದು, ಅದರ ಮಾತು ಆಮ್ಯಾಲೆ ಹೇಳ್ತೀನಿ.

ನಮ್ಮ ಚಿಗವ್ವನ ಮಗಳು ಇಂಗ್ಲೆಂಡಿನ ಲೆಸ್ಟರಿನ್ಯಾಗ ಇರ್ತಾಳ, ಆಕಿಗೂ ಇದ ತೊಂದರಿ, ರಕ್ತ ಒಂದ ನೋಡ್ರಿ. ಅಲ್ಲಿ ಆ್ಯಕ್ಸೆಸ್ ಟು ವರ್ಕ್ ಅಂತ ಸರ್ಕಾರದ್ದ ಒಂದು ಯೋಜನೆ ಅದ, 1994ರಿಂದ ನಡದದ, ಅಂಗವೈಕಲ್ಯ ಇಲ್ಲಾ ಆರೋಗ್ಯದ ತೊಂದರಿ ಇದ್ದಾವ್ರು ನೌಕರಿಯೊಳಗ ಉಳೀಬೇಕು ಅಂತ ಕೊಡೋ ಗ್ರಾಂಟ್, ಸಾಲ ಅಲ್ಲ, ತಿರುಗಿ ಕೊಡಂಗಿಲ್ಲ. ಕುಂದ್ರು ಕುರ್ಚಿಯಿಂದ ಹಿಡದು ಎಡಿಎಚ್‌ಡಿ ಕೋಚ್ ತನಕ ಅದರಾಗ ಬರ್ತದ. ಅರ್ಜಿ ಹಾಕೋದು ನೌಕರಿ ಮಾಡಾಂವ, ಮಾಲಕ ಅಲ್ಲ, ಡಾಕ್ಟರ ಚೀಟಿ ಇರಲೇಬೇಕು ಅಂತನೂ ಇಲ್ಲ, ಕೆಲಸದಾಗ ಏನ ತೊಡಕು ಆಗ್ತದ ಅಂತ ಕೇಳ್ತಾರ. ಅಲ್ಲೂ ತಿಂಗಳಗಟ್ಟಲೆ ಪಾಳಿ ಕಾಯಬೇಕು, ಆಕಿನೂ ಕಾದಳು, ಬೈಕೋತ ಕಾದಳು. ಆದ್ರೂ ಪಾಳಿ ಅಂತ ಒಂದು ಅದಲ್ರಿ, ನಮ್ಮಲ್ಲಿ ಪಾಳಿ ಹಚ್ಚಾಕ ಕಿಡಕಿನ ಇಲ್ಲ.

ಹಂಗಂತ ಇಂಗ್ಲೆಂಡಿನಂಗ ಮಾಡ್ರಿ ಅನ್ನಾಂವಲ್ಲ ನಾ. ನಮ್ಮ ಕಡೇನ ಒಂದು ಪೆಟಗಿ ಅದ, ಭಾಳ ಮಂದಿಗೆ ಅದರ ಖಬರಿಲ್ಲ. ಕರ್ನಾಟಕ ಕಾರ್ಮಿಕ ಕಲ್ಯಾಣ ನಿಧಿ ಅಂತ 1965ರ ಕಾಯ್ದೆದ್ದು, ವರ್ಷಕ್ಕೊಮ್ಮೆ ಡಿಸೆಂಬರ್ ಪಗಾರದಾಗ ಕಟ್ ಆಗ್ತದ, ಮೊದಲ ನಮ್ಮಿಂದ 20 ರೂಪಾಯಿ ಇತ್ತು ಈಗ 50, ಮಾಲಕರದ್ದು 100, ಸರ್ಕಾರದ್ದು 50. ಚಲನ್ ತುಂಬೋದು ನಾನ, ಅದಕ್ಕ ಗೊತ್ತು. ಅದರಾಗಿಂದ ಕಾರ್ಮಿಕರ ಮಕ್ಕಳ ಓದಿಗೆ ಕೊಡ್ತಾರ, ದೊಡ್ಡ ಜಡ್ಡಿನ ಔಷಧೋಪಚಾರಕ್ಕ ಕೊಡ್ತಾರ. ಇದರಾಗ 'ಕೆಲಸದಾಗ ಉಳಿಯಾಕ ಬೆಂಬಲ' ಅಂತ ಇನ್ನೊಂದು ಹೆಡ್ ತೆಗದು, ಒಬ್ಬರಿಗೆ ಆರು ತಿಂಗಳ ಕೋಚಿಂಗಿಗೆ ಅರ್ಧ ರೊಕ್ಕ ಕೊಟ್ರೂ ಸಾಕು. ಪೂರಾ ಬ್ಯಾಡ, ಅರ್ಧ ಕೈಲಿಂದ ಹೋದ್ರ ಮನಷ್ಯಾ ಸೆಷನ್ ತಪ್ಪಸಂಗಿಲ್ಲ, ನನ್ನ ಅನುಭವ ಇದು.

ಇನ್ನೊಂದು ಅಂಜಿಕಿ ಅದ, ಮುಚ್ಚಿಡಂಗಿಲ್ಲ. ಎಡಿಎಚ್‌ಡಿ ಕೋಚ್ ಆಗಾಕ ನಮ್ಮ ದೇಶದಾಗ ಯಾವ ಲೈಸೆನ್ಸೂ ಬೇಕಾಗಿಲ್ಲ, ಕ್ಲಿನಿಕಲ್ ಸೈಕಾಲಜಿಸ್ಟ್ ಆದ್ರ ಪುನರ್ವಸತಿ ಪರಿಷತ್ತಿನ್ಯಾಗ ನೋಂದಣಿ ಇರಬೇಕು, ಕೋಚಿಗೆ ಅದೇನೂ ಇಲ್ಲ. ನಾಳೆ ಸರ್ಕಾರದ ರೊಕ್ಕ ಬರ್ತದಂತ ಗೊತ್ತಾದ್ರ ಸಪ್ತಾಪುರದಾಗ ಒಂದ ವಾರದಾಗ ನೂರು ಬೋರ್ಡ್ ಏಳ್ತಾವು. ಅದಕ್ಕ ನಾ ಹೇಳೋದು, ಕೋಚಿಂಗ್ ಡಿಮ್ಹಾನ್ಸಿನವರ ಕಣ್ಣಾಗ ಇರಲಿ. ಅಲ್ಲಿನ ಸೈಕಾಲಜಿಸ್ಟ್, ಸೋಶಿಯಲ್ ವರ್ಕರ್ ಒಂದಿಷ್ಟು ಮಂದಿ ಇದನ್ನ ಕಲತು ಬ್ಯಾರೆಯವರಿಗೆ ಕಲಸಲಿ, ಕನ್ನಡದಾಗ ಕಲಸಲಿ. ನನ್ನ ಕೋಚ್ ಛಲೋ ಇದ್ದಾರ, ಆದ್ರ ಇಂಗ್ಲಿಷಿನ್ಯಾಗ ನನ್ನ ಸಂಕಟ ಹೇಳೋದ್ರಾಗ ಅರ್ಧ ಸೆಷನ್ ಹೋಗ್ತದ. ಸಿಎಸ್‌ಆರ್ ರೊಕ್ಕ ಹಾಕೋ ಜಾಗಾ ಇದು ನೋಡ್ರಿ, ನಮ್ಮ ಹುಬ್ಬಳ್ಳಿ ವಾಣಿಜ್ಯೋದ್ಯಮ ಸಂಸ್ಥೆಯವರು ಮನಸ್ಸು ಮಾಡಿದ್ರ ತಾರಿಹಾಳ, ಗೋಕುಲ ರೋಡಿನ ಸಣ್ಣ ಸಣ್ಣ ಮಾಲಕರೆಲ್ಲಾ ಕೂಡಿ ವರ್ಷಕ್ಕ ಇಷ್ಟಿಷ್ಟು ಅಂತ ಹಾಕಬಹುದು.

ನನ್ನಂಥ ಕುರ್ಚಿ ಮ್ಯಾಲಿನವರದ್ದಷ್ಟ ಮಾತಲ್ಲ. ಬ್ಯಾಡಗಿಯಾಗ ನನ್ನ ಗೆಳೆಯ ಒಬ್ಬ ಇದ್ದಾನ, ಮೆಣಸಿನಕಾಯಿ ದಲಾಲಿ ಅಂಗಡಿಯಾಗ ಗುಮಾಸ್ತ, ಲಾಟ್ ಚೀಟಿ ಅದಲು ಬದಲು ಮಾಡಿ ಮೂರು ಅಂಗಡಿ ಬಿಟ್ಟಾನ, ಈಗ ನಾಕನೇದ್ದು. ಅಂವಗ ತಿಂಗಳಿಗೆ 4,800 ಅಂದ್ರ ನಗ್ತಾನ. ಬೆಟಗೇರಿ ಮಗ್ಗದ ಮ್ಯಾಲೆ ಕುಂತಾವ್ರಾಗ, ಲೇಥ್ ಮಷಿನ್ ಮುಂದ ನಿಂತಾವ್ರಾಗ, ಗಾಡಿ ಹೊಡಿಯಾವ್ರಾಗ ಇಂಥಾವ್ರು ಇರಂಗಿಲ್ಲೇನು. ಎಡಿಎಚ್‌ಡಿ ಇದ್ದಾವ್ರಿಗೆ ಅಪಘಾತ ಆಗೋದು ಜಾಸ್ತಿ ಅಂತ ಡಾಕ್ಟರ ಹೇಳ್ತಾರ, ನಂದು ತಪ್ಪಿದ್ರ ಲೇಟ್ ಫೀ ಬೀಳ್ತದ, ಅವರದು ತಪ್ಪಿದ್ರ ಕೈಬೆರಳ ಹೋಗ್ತದ.

ಕಡೀಕೆ ನನ್ನ ಕಥಿ ಏನಾತಂದ್ರ, ಎರಡು ವರ್ಷದ ಲೇಟ್ ಫೀ, ಬಡ್ಡಿ ಎಲ್ಲಾ ಕೂಡಿಸಿ ಒಂದ ಹಾಳಿ ಮ್ಯಾಲೆ ಬರಕೊಂಡು ಮಾಲಕರ ಮುಂದ ಇಟ್ಟೆ, ಬಾಜೂಕ ಕೋಚಿಂಗ್ ಖರ್ಚೂ ಬರದಿದ್ದೆ. ಸಾಹೇಬ್ರ, ನನ್ನ ಮ್ಯಾಲೆ ಕರುಣೆ ಬ್ಯಾಡ, ಎರಡೂ ಟೋಟಲ್ ನೋಡ್ರಿ ಅಂದೆ. ಅವರು ಚಷ್ಮಾ ಏರಿಸಿ ಎರಡು ಸಲ ನೋಡಿದ್ರು, ಹೌದಲೇ, ಇದು ಸೋವಿ ಆತಲ್ಲ ಅಂದ್ರು. ಮಾರ್ಚ್ ತನಕ ಅರ್ಧ ಕೊಡ್ತೀನಿ, ಆದ್ರ ಯಾವ ಹೆಡ್ಡಿಗೆ ಹಾಕ್ತಿ ನೀನ ನೋಡ್ಕೋ ಅಂತ ನನ್ನ ಕೊಳ್ಳಿಗೆ ಕಟ್ಟಿದ್ರು. ಸದ್ಯ 'ಇತರೆ ಖರ್ಚು' ಅಂತ ಹಾಕೀನಿ. ಆಡಿಟರ್ ಬಂದು ಇದೇನ್ರಿ ಅಂತ ಕೇಳೇ ಕೇಳ್ತಾರ.

ನನ್ನ ಹೆಸರು ಹಾಕಬ್ಯಾಡ್ರಿ, ಅವ್ವಗ ಇನ್ನೂ ಹೇಳಿಲ್ಲ, ಅಕಿಗೆ ನನ್ನ ಗುಳಿಗಿ ಅಂದ್ರ ಬಿಪಿದು ಅಂತ ಗೊತ್ತು. ವಿಳಾಸ ಬ್ಯಾರೆ ಹಾಳಿಯಾಗ ಬರದೀನಿ.

ಒಬ್ಬ ಅಕೌಂಟೆಂಟ್,
ವಿದ್ಯಾನಗರ, ಹುಬ್ಬಳ್ಳಿ