ಗಣಪತಿ ಗುಡಿ ಹತ್ತಿರ ಸಿಕ್ಕ ಅಕ್ಕನಿಗೆ

ಅಕ್ಕಾ, ಗಾಬರಿಯಲ್ಲಿ ನಿಮ್ಮ ಹೆಸರೂ ಕೇಳಲಿಲ್ಲ. ಡೆಂಗಿ ಬಂದು ಅಮ್ಮನ ಪ್ಲೇಟ್‌ಲೆಟ್ ಇಳಿಯುತ್ತಲೇ ಇತ್ತು, ರಕ್ತಸ್ರಾವವೂ ಶುರುವಾಗಿತ್ತು. ಆಸ್ಪತ್ರೆ ಆವರಣದ ಗಣಪತಿ ಮುಂದೆ ಕೂತು ನಾನು ಬೇಡಲಿಲ್ಲ, ಜಗಳವನ್ನೇ ಆಡಿದೆ. 'ಇದ್ದೀಯಾ, ಇಲ್ವಾ?' ಅಂತ ಜೋರಾಗಿ ಕೂಗಿದೆ. ಗಜೇಂದ್ರ ಕೂಗಿದಾಗ ವಿಷ್ಣು ಗರುಡನ ಮೇಲೆ ಬಂದನಂತೆ. ನನ್ನ ಕೂಗಿಗೆ ಬಂದವರು ನೀವು, ಕೈಯಲ್ಲಿ ಫ್ಲಾಸ್ಕ್ ಹಿಡಿದು!

ಅಳಬೇಡ ಅನ್ನಲಿಲ್ಲ. ದೇವರನ್ನು ಹಾಗೆಲ್ಲ ಬೈಬಾರದು ಅಂತಲೂ ಅನ್ನಲಿಲ್ಲ, ಅದಕ್ಕೇ ಜಾಸ್ತಿ ಥ್ಯಾಂಕ್ಸ್. ಸುಮ್ನೆ ಪಕ್ಕದಲ್ಲಿ ಕೂತಿರಿ. ಆಮೇಲೆ ಬ್ಲಡ್ ಬ್ಯಾಂಕಿಗೆ ಬಂದು ನೀವೇ ಪ್ಲೇಟ್‌ಲೆಟ್ ಕೊಟ್ಟಿರಿ. ಯಂತ್ರ ಪ್ಲೇಟ್‌ಲೆಟ್ ಮಾತ್ರ ಬೇರೆ ಮಾಡಿಕೊಂಡು ಉಳಿದ ರಕ್ತವನ್ನು ವಾಪಸ್ ಕಳಿಸುತ್ತದೆ ಅಂತ ನನಗೆ ಗೊತ್ತಾಗಿದ್ದೇ ಆಗ. ಅಷ್ಟು ಹೊತ್ತೂ ತೋಳು ಚಾಚಿ ಮಲಗಿದ್ದಿರಿ, ಪರಿಚಯವೇ ಇಲ್ಲದವರಿಗಾಗಿ.

ಅಮ್ಮ ಮನೆಗೆ ಬಂದಿದ್ದಾರೆ. ಇದನ್ನು ಓದಿದರೆ ಒಂದು ದಿನ ಊಟಕ್ಕೆ ಬನ್ನಿ ಅಕ್ಕಾ.