ಕಡಲು ದಾಟುವ ಮುಂಚೆ

ಚಿ. ಸೌ. ಪುಟ್ಟಿಗೆ ದೊಡ್ಡಮ್ಮನ ಆಶೀರ್ವಾದಗಳು.

ನೀನು ಕಳಿಸಿದ ವಂಶವೃಕ್ಷ ನೋಡಿದೆ. ಅತ್ತೆಯವರ ಎಂಬತ್ತನೇ ಹುಟ್ಟುಹಬ್ಬಕ್ಕೆ ಕಟ್ಟು ಹಾಕಿಸಿ ಕೊಡಬೇಕೆಂಬ ನಿನ್ನ ಆಸೆ ಚೆಂದವೇ. ಆದರೆ ಅಮೆರಿಕದ ನೆಬ್ರಾಸ್ಕಾದ ಓನೀಲ್ ಊರಲ್ಲಿ ತೀರಿಕೊಂಡ ಅವರ ಪೂರ್ವಜ ಪ್ಯಾಟ್ರಿಕ್‌ನಿಂದ ಐರ್ಲೆಂಡಿನ ಕಾರ್ಕ್ ಕೌಂಟಿಯ ಪ್ಯಾಟ್ರಿಕ್‌ವರೆಗೆ ಒಂದು ಗೆರೆ ಎಳೆದಿದ್ದೀಯಲ್ಲ, ಅದಕ್ಕೆ ಆಧಾರ ಏನು? ಹೆಸರು ಒಂದೇ, ವಯಸ್ಸು ಹೆಚ್ಚುಕಮ್ಮಿ ಒಂದೇ. ಅಷ್ಟೇ ತಾನೆ? ಆ ಗೆರೆ ಸದ್ಯಕ್ಕೆ ಅಳಿಸು.

ಬೇಜಾರಾಗಬೇಡ. ಇಲ್ಲಿನ ಲೈಬ್ರರಿಯ ಸ್ಥಳೀಯ ಚರಿತ್ರೆಯ ಕೋಣೆಯಲ್ಲಿ ಇಪ್ಪತ್ತೆರಡು ವರ್ಷ ಕೂತವಳು ನಾನು. ಸೇರಿದ ಹೊಸದರಲ್ಲಿ ಒಬ್ಬ ವಯಸ್ಸಾದವರಿಗೆ ಇಂಥದೇ ಗೆರೆ ಎಳೆದುಕೊಟ್ಟೆ. ಅವರು ಟಿಕೆಟ್ ಮಾಡಿಸಿ ಹೋಗಿ, ಆ ಊರಿನ ಸ್ಮಶಾನದಲ್ಲಿ ಹೂವಿಟ್ಟು, ಮಾತ್ರೆ ಡಬ್ಬಿಯಲ್ಲಿ ಒಂದು ಹಿಡಿ ಮಣ್ಣು ತುಂಬಿಕೊಂಡು ಬಂದರು. ಎರಡು ವರ್ಷದ ಮೇಲೆ ಹಳೇ ಪೇಪರಿನಲ್ಲಿ ಅವರ ಮುತ್ತಜ್ಜನ ಸಾವಿನ ಸುದ್ದಿ ಸಿಕ್ಕಿತು. ಹುಟ್ಟೂರು ಬೇರೆ, ಕೌಂಟಿಯೇ ಬೇರೆ! ನಾನೇ ಫೋನ್ ಮಾಡಿ ಹೇಳಬೇಕಾಯಿತು. ಆ ಡಬ್ಬಿ ಏನಾಯಿತೋ, ಕೇಳುವ ಧೈರ್ಯ ನನಗೆ ಬರಲಿಲ್ಲ.

ದೊಡ್ಡವರೂ ಹೀಗೆ ಎಡವಿದ್ದಾರೆ. 1892ರ ಜನವರಿ 1ರಂದು ನ್ಯೂಯಾರ್ಕಿನ ಎಲ್ಲಿಸ್ ದ್ವೀಪದಲ್ಲಿ ವಲಸೆ ಬಂದವರನ್ನು ವಿಚಾರಿಸಿ ಒಳಬಿಡುವ ಕಚೇರಿಯ ಬಾಗಿಲು ತೆರೆದಾಗ ಮೊದಲು ಒಳಗೆ ಬಂದವಳು ಕಾರ್ಕ್‌ನ ಆನಿ ಮೂರ್. ಅವಳು ಟೆಕ್ಸಾಸಿಗೆ ಹೋಗಿ ನೆಲೆಸಿದಳೆಂದು ವರ್ಷಾನುಗಟ್ಟಲೆ ಎಲ್ಲರೂ ನಂಬಿದ್ದರು. 2006ರಲ್ಲಿ ಮೆಗನ್ ಸ್ಮೊಲೆನ್ಯಾಕ್ ಎಂಬ ವಂಶಾವಳಿ ಸಂಶೋಧಕಿ ಕಾಗದಪತ್ರ ತೆಗೆದು ನೋಡಿದರೆ, ಟೆಕ್ಸಾಸಿನಾಕೆ ಹುಟ್ಟಿದ್ದೇ ಅಮೆರಿಕದ ಇಲಿನಾಯ್‌ನಲ್ಲಿ! ನಿಜವಾದ ಆನಿ ನ್ಯೂಯಾರ್ಕಿನಲ್ಲೇ ಸಂಸಾರ ಮಾಡಿ, ಕ್ವೀನ್ಸ್‌ನ ಕ್ಯಾಲ್ವರಿ ಸ್ಮಶಾನದಲ್ಲಿ ಹೆಸರಿನ ಕಲ್ಲೂ ಇಲ್ಲದೆ ಮಲಗಿದ್ದಳು.

ನಮ್ಮೂರಿಗಾದರೆ ಎತ್ತು ಏರಿ ಹೆಳವರು ಬರುತ್ತಿದ್ದರು. ಹೊತ್ತಗೆ ಬಿಚ್ಚಿ ಮನೆತನದ ತಲೆಮಾರುಗಳನ್ನೆಲ್ಲ ಓದಿ, ಕಾಳು ಇಸಿದುಕೊಂಡು ಹೋಗುತ್ತಿದ್ದರು. ಐರ್ಲೆಂಡಿನ ಹೊತ್ತಗೆ ಸುಟ್ಟುಹೋಗಿದೆ. 1922ರ ಜೂನ್ 30ರಂದು, ಅಂತರ್ಯುದ್ಧದಲ್ಲಿ, ಡಬ್ಲಿನ್ನಿನ ಫೋರ್ ಕೋರ್ಟ್ಸ್‌ನಲ್ಲಿದ್ದ ದಾಖಲೆ ಭಂಡಾರ ಉರಿದು 1821ರಿಂದ 1851ರವರೆಗಿನ ಜನಗಣತಿ ಬಹುಪಾಲು ಬೂದಿಯಾಯಿತು. ಮುಂದಿನ ನಾಲ್ಕನ್ನು ಅದಕ್ಕೂ ಮೊದಲೇ ಸರ್ಕಾರ ತಾನಾಗಿ ನಾಶಮಾಡಿತ್ತು. ಪೂರ್ತಿ ಉಳಿದ ಮೊದಲ ಗಣತಿ 1901ರದು. ನಿಮ್ಮವನು ಅಷ್ಟರಲ್ಲಿ ನೆಬ್ರಾಸ್ಕಾದಲ್ಲಿ ಮೊಮ್ಮಕ್ಕಳನ್ನು ಆಡಿಸುತ್ತಿದ್ದ. ಉಳಿದಿರುವುದು ಚರ್ಚಿನ ರಿಜಿಸ್ಟರು, ಮತ್ತು 1847ರಿಂದ 1864ರವರೆಗೆ ಬರೆದ ಗ್ರಿಫಿತ್ಸ್ ವ್ಯಾಲ್ಯುಯೇಷನ್. ಇದು ಹೆಚ್ಚುಕಮ್ಮಿ ನಮ್ಮ ಪಹಣಿಯ ಹಾಗೆ: ಯಾರ ಜಮೀನು, ಯಾರು ಉಳುತ್ತಿದ್ದಾರೆ, ಎಷ್ಟು ಎಕರೆ. ಆದರೆ ಇವೆರಡರಲ್ಲೂ ಹುಡುಕಲು ಊರು ಗೊತ್ತಿರಬೇಕು. ಕೌಂಟಿ ಸಾಲದು, ಟೌನ್‌ಲ್ಯಾಂಡ್ ಬೇಕು, ಅಂದರೆ ಕೌಂಟಿಯೊಳಗಿನ ಪುಟ್ಟ ಹಳ್ಳಿಯಷ್ಟು ನೆಲದ ಹೆಸರು. ಅಂಥವು ಆ ಪುಟ್ಟ ದ್ವೀಪದಲ್ಲಿ ಅರವತ್ತು ಸಾವಿರಕ್ಕೂ ಹೆಚ್ಚಿವೆ.

ಹಾಗಾಗಿ ಅಮೆರಿಕದ ಕಾಗದ ಊರಿನ ಹೆಸರು ಹೇಳುವ ತನಕ ಕಡಲು ದಾಟಬೇಡ. ಅವನು 1879ರಲ್ಲಿ ಹೋಮ್‌ಸ್ಟೆಡ್ ಜಮೀನಿಗೆ (ನೆಲೆಸಿ ಉಳುವವರಿಗೆ ಸರ್ಕಾರ ಕೊಡುತ್ತಿದ್ದ ಜಮೀನು) ಅರ್ಜಿ ಹಾಕಿದನೆಂದು ನೀನೇ ಬರೆದಿದ್ದೀಯ. ಸರಿ, ಅಲ್ಲಿಂದಲೇ ಶುರುಮಾಡು. 1862ರ ಕಾಯ್ದೆಯಂತೆ 160 ಎಕರೆ ಹಿಡಿದವನು ಐದು ವರ್ಷ ಅಲ್ಲೇ ಬಾಳಿದೆನೆಂದು ರುಜುವಾತು ಮಾಡಬೇಕಿತ್ತು. ಆ ಫೈಲು ವಾಷಿಂಗ್ಟನ್ನಿನ ನ್ಯಾಷನಲ್ ಆರ್ಕೈವ್ಸ್‌ನಲ್ಲಿದೆ, ಪ್ರತಿ ತರಿಸು. ಪಂಚನಾಮೆ ಓದಿದ ಹಾಗಿರುತ್ತದೆ: ಮನೆ ಎಷ್ಟು ಅಡಿ ಉದ್ದ, ಬಾಗಿಲು ಎಷ್ಟು, ಎಷ್ಟು ಎಕರೆ ಉತ್ತಿದ್ದಾನೆ, ಮಕ್ಕಳೆಷ್ಟು. ಹೊರದೇಶದವನಾದ್ದರಿಂದ ಪೌರತ್ವದ ಕಾಗದವೂ ಅದರಲ್ಲಿರಬೇಕು. ಆ ಕಾಲದ ಪೌರತ್ವ ಪತ್ರಗಳಲ್ಲಿ ಎಷ್ಟೋ ಸಲ ಬರೀ ‘ಐರ್ಲೆಂಡ್’ ಎಂದಿರುತ್ತದೆ, ನಿರಾಸೆಪಡಬೇಡ. ಸಾಕ್ಷಿ ಹೇಳಿದ ಅಕ್ಕಪಕ್ಕದವರ ಹೆಸರು ಬರೆದಿಟ್ಟುಕೋ. ಒಂದೇ ಊರಿನವರು ಒಟ್ಟಿಗೆ ಬಂದು ಪಕ್ಕಪಕ್ಕದಲ್ಲೇ ಬೀಡುಬಿಡುವುದಿತ್ತು. ನಿಮ್ಮವನ ಊರು ಪಕ್ಕದವನ ಗೋರಿಯ ಮೇಲೆ ಸಿಕ್ಕೀತು.

ಮಕ್ಕಳ ಹೆಸರನ್ನೂ ನೋಡು. ಅವರಲ್ಲೂ ನಮ್ಮ ಹಾಗೇ, ಮೊದಲ ಮಗನಿಗೆ ತಂದೆಯ ತಂದೆಯ ಹೆಸರು, ಎರಡನೆಯವನಿಗೆ ತಾಯಿಯ ತಂದೆಯದು. ಎಲ್ಲರೂ ಪಾಲಿಸುತ್ತಿದ್ದರೆಂದಲ್ಲ. ಆದರೆ ನಿಮ್ಮವನ ಹಿರಿಮಗ ಮೈಕೆಲ್, ನೀನು ಹಿಡಿದಿರುವ ಕಾರ್ಕ್‌ನವನ ಅಪ್ಪ ಜೆರೆಮಯ್ಯ. ಆ ಹೆಸರು ನಿಮ್ಮ ಮನೆಯಲ್ಲಿ ಯಾವ ಮಗುವಿಗೂ ಇಟ್ಟಿಲ್ಲ. ನನಗೆ ಅನುಮಾನ ಬಂದದ್ದೇ ಅಲ್ಲಿ.

ಇನ್ನು ಎಲ್ಲಿಸ್ ದ್ವೀಪದ ಗುಮಾಸ್ತ ಮನೆತನದ ಹೆಸರಿನ ಮೊದಲಲ್ಲಿದ್ದ ‘ಓ’ (‘ಓನೀಲ್’ನಲ್ಲಿ ಇರುವಂಥದು) ಕತ್ತರಿಸಿದ ಎಂಬ ಅತ್ತೆಯವರ ಕಥೆ. 1879ರಲ್ಲಿ ನೆಬ್ರಾಸ್ಕಾ ತಲುಪಿದ್ದವನ ಹೆಸರನ್ನು 1892ರಲ್ಲಿ ಶುರುವಾದ ಕಚೇರಿ ಕತ್ತರಿಸುವುದು ಹೇಗಮ್ಮ? ಅಲ್ಲದೆ ಅಲ್ಲಿನ ಗುಮಾಸ್ತರು ಹಡಗಿನವರು ಬರೆದುತಂದ ಪಟ್ಟಿ ನೋಡಿ ಕೇಳುತ್ತಿದ್ದರೇ ಹೊರತು ಹೊಸ ಹೆಸರು ಇಡುತ್ತಿರಲಿಲ್ಲ. ಹಾಗಂತ ಹುಟ್ಟುಹಬ್ಬದ ದಿನ ಇದನ್ನೆತ್ತಿ ವಾದಕ್ಕಿಳಿಯಬೇಡ. ‘ಮನೆಯಲ್ಲಿ ಹೇಳುವ ಮಾತು’ ಎಂದು ಅವರ ಹೆಸರಿನಲ್ಲೇ ಬರೆದಿಡು. ಅವರ ದನಿಯನ್ನೂ ಫೋನಿನಲ್ಲಿ ರೆಕಾರ್ಡ್ ಮಾಡಿಕೋ, ಈ ವಾರವೇ.

ಸ್ಮಶಾನಕ್ಕೆ ಹೋಗುವಾಗ ಒಳ್ಳೆಯ ಟಾರ್ಚು ಒಯ್ಯಿ. ಸವೆದ ಅಕ್ಷರಕ್ಕೆ ಪಕ್ಕದಿಂದ ಬೆಳಕು ಬಿಟ್ಟರೆ ಕಾಣುತ್ತದೆ. ಸುಣ್ಣದ ಕಡ್ಡಿ ಉಜ್ಜಬೇಡ, ಕಲ್ಲು ಹಾಳಾಗುತ್ತದೆ. ಹಿಂಬದಿಯದೂ ಸೇರಿ ಫೋಟೊ ಕಳಿಸು. ಚರ್ಚಿನ ರಿಜಿಸ್ಟರಿನಲ್ಲಿ ಲ್ಯಾಟಿನ್ ಬಂದರೆ ನೀನು ತಲೆ ಕೆಡಿಸಿಕೊಳ್ಳಬೇಡ, ನನಗೆ ಕಳಿಸು. ಕಣ್ಣಿನ ಆಪರೇಷನ್ ಆದಮೇಲೆ ಚೆನ್ನಾಗಿ ಕಾಣುತ್ತಿದೆ.

ಇಂತಿ,
ನಿನ್ನ ದೊಡ್ಡಮ್ಮ